ಬಾಣಂತಿಯ ತಟ್ಟೆ

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಬೇರೆಯವರ ಮೇಲೆ ಜಗಳಕ್ಕೆ ಹೋಗುವುದು ಆಮೇಲೆ.

ನಾನಿರುವುದು ಪರ್ತ್‌ನಲ್ಲಿ, ಮಗಳ ಮನೆಯಲ್ಲಿ. ಮಗ ಸೊಸೆ ಇರುವುದು ಬ್ರಿಸ್ಬೇನ್‌ನಲ್ಲಿ. ಸೊಸೆಗೆ ಹೆರಿಗೆಯಾದಾಗ ಅವಳ ತಾಯಿಗೆ ಊರಿನಿಂದ ಬರಲು ಆಗಲಿಲ್ಲ. ಮಂಡಿ ಆಪರೇಶನ್ ಆಗಿತ್ತು. ಹಾಗಾಗಿ ಬಾಣಂತನ ನನ್ನ ಪಾಲಿಗೆ ಬಂತು. ದೇಶದ ಈ ತುದಿಯಿಂದ ಆ ತುದಿಗೆ ವಿಮಾನ ಹತ್ತಿದೆ. ಪೆಟ್ಟಿಗೆಯಲ್ಲಿ ಕಾಳುಮೆಣಸು, ಜೀರಿಗೆ, ಒಣಶುಂಠಿ, ಓಮ ಇದ್ದವು. ತಲೆಯಲ್ಲಿ ಅಮ್ಮ, ಅಜ್ಜಿಯರು ಹಾಕಿಕೊಟ್ಟ ಪಟ್ಟಿ ಇತ್ತು. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ಶೀತ, ರಾಗಿ ತಂಪು, ಗೋಧಿ ಉಷ್ಣ, ಕಾಳು ತಿಂದರೆ ಮಗುವಿಗೆ ಹೊಟ್ಟೆನೋವು. ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದೇನು? ಬಿಸಿ ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಸುಟ್ಟ ಬೆಳ್ಳುಳ್ಳಿ. ಊಟದ ಮೇಲೆ ಎಲೆ ಅಡಿಕೆ. ಗರ್ಭಿಣಿಯಾಗಿದ್ದಾಗ ಡಾಕ್ಟರು ಕೊಟ್ಟಿದ್ದ ವಿಟಮಿನ್ ಮಾತ್ರೆಯನ್ನೂ ನಾನು ನಿಲ್ಲಿಸಿದೆ. "ಮಾತ್ರೆ ಉಷ್ಣ, ಇನ್ನು ಯಾಕೆ?" ಅಂದೆ. ಸೊಸೆ ಮರುಮಾತಾಡಲಿಲ್ಲ.

ಆರನೆಯ ವಾರ ಶಿಶು ಆರೋಗ್ಯದ ನರ್ಸ್ ಮನೆಗೆ ಬಂದಳು. ಮಗುವಿನ ತೂಕ ನೋಡಿದಳು, ತಲೆಯ ಸುತ್ತಳತೆ ತೆಗೆದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನೀನು ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದೆ?" ಎಂದು ಕೇಳಿದಳು. ಸೊಸೆ ಹೇಳಿದಳು. ನರ್ಸ್ ಬರೆದುಕೊಂಡಳು. "ಮೊನ್ನೆ?" ಮೊನ್ನೆಯೂ ಅದೇ. "ಹೋದ ವಾರ?" ಹೋದ ವಾರವೂ ಅದೇ. "ಕೈಕಾಲು ಜೋಮು ಹಿಡಿಯುತ್ತದೆಯೇ?" ಸೊಸೆ ನನ್ನ ಮುಖ ನೋಡಿದಳು. ಹದಿನೈದು ದಿನದಿಂದ ಪಾದದಲ್ಲಿ ಜೋಮು, ಮೆಟ್ಟಿಲು ಹತ್ತಿದರೆ ಏದುಸಿರು. ನನಗೆ ಒಂದು ಮಾತು ಹೇಳಿರಲಿಲ್ಲ.

ಆವತ್ತು ರಾತ್ರಿ ನಾನು ಕೇಳಿದೆ, ಯಾಕಮ್ಮ ಹೇಳಲಿಲ್ಲ ಅಂತ. "ನೀವು ಅಷ್ಟು ದೂರದಿಂದ ಬಂದು ಮಾಡ್ತಿದ್ದೀರಿ ಅತ್ತೆ. ಹೇಳಿದರೆ ನಿಮಗೆ ಬೇಜಾರಾಗುತ್ತೆ ಅನ್ನಿಸ್ತು" ಅಂದಳು.

ಮಾರನೆಯ ದಿನ ಡಾಕ್ಟರು ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು, ಬೇಳೆ, ಕಾಳು, ಬ್ರೆಡ್ಡು ತಿನ್ನಲು ಹೇಳಿದರು. ಕೆಲವೇ ವಾರಗಳಲ್ಲಿ ಜೋಮು ಹೋಯಿತು. ಅದು ಬೆರಿಬೆರಿಯೇ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಹೆಸರು ನನ್ನ ಕಿವಿಗೆ ಮತ್ತೆ ಬಿದ್ದದ್ದು ಆ ಡಾಕ್ಟರ ಬಾಯಿಂದ. ಅದಕ್ಕೆ ಮೊದಲು ಕೇಳಿದ್ದು ಹೈಸ್ಕೂಲಿನಲ್ಲಿ. ಬಿ1 ಜೀವಸತ್ವದ ಕೊರತೆಯಿಂದ ಬರುವ ರೋಗ ಯಾವುದು? ಬೆರಿಬೆರಿ. ಒಂದು ಅಂಕ. ಬರೆದೆವು, ಅಂಕ ಪಡೆದೆವು, ಮರೆತೆವು.

ಮರೆಯಬಾರದಿತ್ತು. ಇದು ಚರಿತ್ರೆಯ ರೋಗವಲ್ಲ, ನಮ್ಮ ಬೆಂಗಳೂರಿನ ರೋಗ.

ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯತಜ್ಞರು 2021ರಲ್ಲಿ ಇಂಗ್ಲೆಂಡಿನ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದ ಹಸುಗೂಸುಗಳು ಏದುಸಿರು ಬಿಡುತ್ತ ಆಸ್ಪತ್ರೆಗೆ ಬರುತ್ತಿದ್ದವು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ವಿಪರೀತ ಏರಿತ್ತು. ಹೃದಯದಲ್ಲಿ ಹುಟ್ಟುದೋಷವಿಲ್ಲ, ಶ್ವಾಸಕೋಶದ ಕಾಯಿಲೆಯೂ ಇಲ್ಲ. ಅಂಥ 250 ಕೂಸುಗಳಲ್ಲಿ 231 ಕೂಸುಗಳು ಒಂದೇ ಮದ್ದಿಗೆ ಬಗ್ಗಿದವು. ರಕ್ತನಾಳದ ಮೂಲಕ ಕೊಟ್ಟ ಥಯಾಮಿನ್, ಅಂದರೆ ಬಿ1. ಒಂದೆರಡು ದಿನದೊಳಗೆ ಆ ಒತ್ತಡ ಸಹಜ ಸ್ಥಿತಿಗೆ ಇಳಿಯಿತು. ಆ ಕೂಸುಗಳ ತಾಯಂದಿರು ಯಾರು? ಬಹುಪಾಲು ಹೆಂಗಸರು ಹೆರಿಗೆಯಾದ ಮೇಲೆ ಕಟ್ಟುಪಥ್ಯದಲ್ಲಿದ್ದವರು. ಪಾಲಿಶ್ ಮಾಡಿದ ಅಕ್ಕಿಯೇ ಅವರ ಮುಖ್ಯ ಊಟ.

ಆ ವರದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬ್ರಿಸ್ಬೇನ್‌ನ ಅಡಿಗೆಮನೆಯಲ್ಲಿ ನಾನು ಬಡಿಸಿದ್ದು ಅದೇ ತಟ್ಟೆಯನ್ನು.

ಈ ಥಯಾಮಿನ್ ಮಾಡುವ ಕೆಲಸವೇನು? ನಾವು ತಿಂದ ಅನ್ನ ಸಕ್ಕರೆಯಾಗಿ ಜೀವಕೋಶಗಳಿಗೆ ಹೋಗುತ್ತದೆ. ಅಲ್ಲಿ ಅದು ಉರಿದು ಶಕ್ತಿಯಾಗಬೇಕಾದರೆ ಥಯಾಮಿನ್ ಇರಲೇಬೇಕು. ಹಳೆಯ ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಅನ್ನ ಸೌದೆ, ಥಯಾಮಿನ್ ಊದುಕೊಳವೆ. ಊದದಿದ್ದರೆ ಸೌದೆ ಹೊಗೆಯಾಡುತ್ತದೆ, ಪಾತ್ರೆ ಬಿಸಿಯಾಗುವುದಿಲ್ಲ. ದೇಹದಲ್ಲಿ ಆ ಹೊಗೆಯ ಹೆಸರು ಲ್ಯಾಕ್ಟಿಕ್ ಆಮ್ಲ. ಇನ್ನೊಂದು ಮಾತು. ಸೌದೆ ಹೆಚ್ಚು ತುಂಬಿದಷ್ಟೂ ಊದುವ ಕೆಲಸ ಹೆಚ್ಚು. ಅಂದರೆ ಬರೀ ಅನ್ನವನ್ನೇ ಹೆಚ್ಚು ತಿಂದಷ್ಟೂ ಥಯಾಮಿನ್ ಹೆಚ್ಚು ಬೇಕು. ದೇಹ ಕೂಡಿಟ್ಟುಕೊಳ್ಳುವುದು ಬರೀ 25ರಿಂದ 30 ಮಿಲಿಗ್ರಾಂ. ಅದು ಎರಡು ಮೂರು ವಾರಕ್ಕೆ ಖಾಲಿ. ನಮ್ಮ ಬಾಣಂತನ ಎಷ್ಟು ದಿನ? ನಲವತ್ತು ದಿನ, ಕೆಲವು ಮನೆಗಳಲ್ಲಿ ಮೂರು ತಿಂಗಳು, ಐದು ತಿಂಗಳು.

ಕೊರತೆಯ ಪೆಟ್ಟು ನರಗಳ ಮೇಲೆ ಬಿದ್ದರೆ ಜೋಮು, ಕಾಲಿನ ನಿಶ್ಶಕ್ತಿ. ಅದನ್ನು ಒಣ ಬೆರಿಬೆರಿ ಅನ್ನುತ್ತಾರೆ. ಹೃದಯದ ಮೇಲೆ ಬಿದ್ದರೆ ಅದು ಒದ್ದೆ ಬೆರಿಬೆರಿ. ಹೃದಯ ಒಂದು ಗಳಿಗೆಯೂ ವಿಶ್ರಮಿಸದ ಸ್ನಾಯು, ಹಾಗಾಗಿ ಶಕ್ತಿಯ ಕೊರತೆ ಅದಕ್ಕೆ ಬೇಗ ತಟ್ಟುತ್ತದೆ. ಮೈಯ ರಕ್ತನಾಳಗಳು ಸಡಿಲವಾಗಿ ಹಿಗ್ಗುತ್ತವೆ. ಅವನ್ನು ತುಂಬಲು ಹೃದಯ ಮೊದಲಿಗಿಂತ ಹೆಚ್ಚು ರಕ್ತ ತಳ್ಳಬೇಕು. ತಳ್ಳಿ ತಳ್ಳಿ ಸೋಲುತ್ತದೆ. ಕಾಲು ಬಾವು ಬರುತ್ತದೆ, ಉಸಿರು ಕಟ್ಟುತ್ತದೆ. ಕೂಸುಗಳಲ್ಲಿ ಹೃದಯದ ಬಲಭಾಗ ಊದಿಕೊಳ್ಳುತ್ತದೆ. ಧ್ವನಿಪೆಟ್ಟಿಗೆಯ ನರ ಸೋತು ಅಳುವಿನ ಸ್ವರ ಒಡೆಯುತ್ತದೆ. ಕೊನೆಗೆ ಬಾಯಿ ತೆರೆದು ಅಳುವುದು ಕಾಣುತ್ತದೆ, ಸದ್ದೇ ಬರುವುದಿಲ್ಲ.

ಆ ಸದ್ದಿಲ್ಲದ ಅಳುವನ್ನು ನಾನು ನೋಡಿದ್ದೇನೆ.

ನನಗಾಗ ಏಳು ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಅಮ್ಮನಿಗೆ ಗಂಡು ಮಗು ಹುಟ್ಟಿತ್ತು. ಗುಂಡುಗುಂಡಾಗಿದ್ದ ತಮ್ಮ. ಅಮ್ಮನಿಗೆ ಹಾಲು ಧಾರಾಳ. ಎರಡು ತಿಂಗಳು ತುಂಬುತ್ತಿದ್ದಂತೆ ಅವನ ಸ್ವರ ಕಾಗೆಯ ಸ್ವರದಂತಾಯಿತು. ಹಾಲು ಕಕ್ಕಿದ. ಒಂದು ಸಂಜೆ ಅಳು ನಿಂತೇಹೋಯಿತು, ಬಾಯಿ ಮಾತ್ರ ಅಳುತ್ತಿತ್ತು. ಬಾಲಗ್ರಹ ಅಂದರು. ಯಾರೋ ದೃಷ್ಟಿ ತೆಗೆದರು, ಯಾರೋ ತಾಯಿತ ತಂದರು. ಬೆಳಗಾಗುವುದರೊಳಗೆ ಹೋದ. ಅಮ್ಮ ಆ ಬಾಣಂತಿ ಕೋಣೆಯಲ್ಲಿ ಉಣ್ಣುತ್ತಿದ್ದದ್ದು ಬಿಳಿ ಅನ್ನ, ಮೆಣಸಿನ ಸಾರು. ಅವನು ಯಾವುದರಿಂದ ಹೋದ ಎಂದು ಇಷ್ಟು ವರ್ಷದ ಮೇಲೆ ಹೇಳಲು ಯಾರಿಂದಲೂ ಆಗದು. ಆದರೆ ಮಕ್ಕಳ ಬೆರಿಬೆರಿಯ ಲಕ್ಷಣಗಳನ್ನು ಓದಿದಾಗಲೆಲ್ಲ ಆ ಮುಖ ಕಣ್ಣಿಗೆ ಬರುತ್ತದೆ. ಅಮ್ಮ ಸಾಯುವವರೆಗೂ ತನ್ನ ಹಾಲೇ ಆಗಿಬರಲಿಲ್ಲ ಎಂದು ನಂಬಿದ್ದಳು. ಪಥ್ಯದ ಮೇಲೆ ಒಂದು ದಿನವೂ ಅವಳಿಗೆ ಅನುಮಾನ ಬರಲಿಲ್ಲ. ಅದೇ ಪಥ್ಯವನ್ನು ನನಗೆ ಮಾಡಿದಳು, ನಾನು ನನ್ನ ಸೊಸೆಗೆ ಮಾಡಿದೆ.

ಇಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ, ನನಗೆ ಗೊತ್ತು. "ನಮ್ಮ ಅಜ್ಜಿ ಇದೇ ಪಥ್ಯದಲ್ಲಿ ಹತ್ತು ಮಕ್ಕಳನ್ನು ಹೆತ್ತು ಸಾಕಿದಳಲ್ಲ?" ಹೌದು. ಆದರೆ ನಿಮ್ಮ ಅಜ್ಜಿ ಉಂಡದ್ದು ಯಾವ ಅಕ್ಕಿ? ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿದ ಕೊಟ್ಟಣದ ಅಕ್ಕಿ. ಅದರ ಮೈಮೇಲೆ ಕೆಂಪು ಪೊರೆ ಉಳಿಯುತ್ತಿತ್ತು. ಅಕ್ಕಿಯ ಥಯಾಮಿನ್ ಬಹುಪಾಲು ಇರುವುದು ಆ ಪೊರೆಯಲ್ಲಿ, ಮೊಳಕೆಯ ಮೂಗಿನಲ್ಲಿ. ಆಮೇಲೆ ಪೇಟೆಗೆ ಗಿರಣಿ ಬಂತು. ಒನಕೆ ಅಟ್ಟ ಸೇರಿತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು, ಅದನ್ನು ನಾನು ದೂರುವುದಿಲ್ಲ. ಆದರೆ ಗಿರಣಿ ಪೊರೆಯನ್ನು ಕೆರೆದು ತೌಡು ಮಾಡಿ ದನಕ್ಕೆ ಕೊಟ್ಟಿತು, ಬಿಳಿಯದನ್ನು ನಮಗೆ ಕೊಟ್ಟಿತು. ಅಕ್ಕಿ ಬದಲಾಯಿತು, ಪಥ್ಯ ಬದಲಾಗಲಿಲ್ಲ. ಬೇಳೆ ಬೇಡ, ಸೊಪ್ಪು ಬೇಡ ಎಂಬ ಅಜ್ಜಿಯ ಮಾತಿನಲ್ಲಿ ಅರ್ಧವನ್ನು ಉಳಿಸಿಕೊಂಡೆವು. ಆ ಮಾತನ್ನು ತಡೆದುಕೊಳ್ಳುವ ಶಕ್ತಿಯಿದ್ದ ಅಕ್ಕಿಯನ್ನು ಬಿಟ್ಟೆವು. ಹೀಗೆ ಅರ್ಧ ಬಿಟ್ಟ ಸಂಪ್ರದಾಯವನ್ನು ಪೂರ್ತಿ ಸಂಪ್ರದಾಯವೆಂದು ಹೊತ್ತು ತಿರುಗುತ್ತಿದ್ದೇವೆ.

ಅಂಕಿಗಳನ್ನೇ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 0.05 ಮಿಲಿಗ್ರಾಂ ಥಯಾಮಿನ್. ಕುಚ್ಚಲಕ್ಕಿಯಲ್ಲಿ ಸುಮಾರು 0.17. ಪಾಲಿಶ್ ಮಾಡದ ಅಕ್ಕಿಯಲ್ಲಿ ಸುಮಾರು 0.27. ರಾಗಿಯಲ್ಲಿ ಸುಮಾರು 0.37. ಹಾಲೂಡುವ ತಾಯಿಗೆ ದಿನಕ್ಕೆ 1.4 ಮಿಲಿಗ್ರಾಂ ಬೇಕು ಎಂಬುದು ಆಸ್ಟ್ರೇಲಿಯಾದ ಲೆಕ್ಕ. ದಿನಕ್ಕೆ 400 ಗ್ರಾಂ ಬಿಳಿ ಅಕ್ಕಿ ಬೇಯಿಸಿ ಉಂಡರೂ 0.2 ಸಿಗುತ್ತದೆ. ಅದರಲ್ಲೂ ಮೂರು ಸಲ ತಿಕ್ಕಿ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಉಳಿದದ್ದೂ ನೀರುಪಾಲು. ಬೇಳೆ ಬೇಗ ಬೇಯಲಿ ಎಂದು ಸೋಡಾ ಹಾಕಿದರೆ ಬೇಳೆಯ ಥಯಾಮಿನ್ ಸಾಯುತ್ತದೆ. ಊಟದ ಮೇಲಿನ ಎಲೆ ಅಡಿಕೆ, ಗಟ್ಟಿ ಚಹಾ ಎರಡೂ ಥಯಾಮಿನ್ನಿಗೆ ವೈರಿ ಎಂದು ಥಾಯ್ಲೆಂಡಿನ ಸಂಶೋಧಕರು 1970ರ ದಶಕದಲ್ಲೇ ತೋರಿಸಿದ್ದರು. ಬಾಣಂತಿಗೆ ಜೀರ್ಣವಾಗಲಿ ಎಂದು ನಾವು ಮಡಿಚಿ ಕೊಡುವ ಕವಳ, ಇದ್ದಬದ್ದ ಚೂರನ್ನೂ ಕಸಿಯುತ್ತದೆ.

ನಮ್ಮ ನಾಡಿನಲ್ಲೇ ಇದಕ್ಕೆ ಉತ್ತರ ಇತ್ತು ಎಂಬುದು ಇನ್ನೂ ಸಂಕಟದ ಮಾತು. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸಿ ಒಣಗಿಸಿದಾಗ ಪೊರೆಯ ಥಯಾಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಒಳಗಿಳಿದದ್ದು ಉಳಿಯುತ್ತದೆ. ಮಂಗಳೂರು, ಉಡುಪಿ, ಕಾಸರಗೋಡಿನವರು ತಲೆತಲಾಂತರದಿಂದ ಉಂಡದ್ದು ಆ ಕುಚ್ಚಲಕ್ಕಿಯ ಗಂಜಿಯನ್ನೇ. ಬ್ರಿಟಿಷರ ಕಾಲದಲ್ಲಿ ಕೂನೂರಿನ ಪೋಷಣಾ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಆಯ್ಕ್ರಾಯ್ಡ್ ಮತ್ತು ಅವರ ಸಂಗಡಿಗರು ಇದನ್ನು ಅಳೆದು ನೋಡಿದರು. ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಬೆರಿಬೆರಿ ಬೀಡುಬಿಟ್ಟಿದ್ದು ಗಿರಣಿಯ ಬೆಳ್ತಿಗೆ ಅಕ್ಕಿ ಉಣ್ಣುವ ಆಂಧ್ರ ಕರಾವಳಿಯಲ್ಲಿ. ಕುಚ್ಚಲಕ್ಕಿ ಉಣ್ಣುವ ಸೀಮೆಗಳಲ್ಲಿ ಅದರ ಕಾಟ ಇರಲಿಲ್ಲ. ಆದರೆ ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಕುಚ್ಚಲಕ್ಕಿ ಅಂದರೆ ಮೂಗು ಮುರಿಯುತ್ತಿದ್ದೆವು. ನೆಂಟರಿಗೆ ಬಡಿಸಲು ನಾಚಿಕೆ. ರಾಗಿಯೂ ಅಷ್ಟೆ. ಬಿಳಿ ಅನ್ನ ದೊಡ್ಡವರ ಮನೆಯ ಗುರುತು.

ಈ ಬಿಳಿಯ ಹಮ್ಮು ನಮ್ಮದೊಂದೇ ಅಲ್ಲ. ಜಪಾನಿನ ಯುದ್ಧನೌಕೆ ರ್ಯೂಜೊ 1882ರಿಂದ 83ರವರೆಗೆ ದೂರಯಾನ ಹೋಯಿತು. ಹಡಗಿನಲ್ಲಿದ್ದ 376 ಜನರಲ್ಲಿ 169 ಜನಕ್ಕೆ ಬೆರಿಬೆರಿ, 25 ಸಾವು. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಊಟದ ಪಟ್ಟಿಯನ್ನೇ ಬದಲಾಯಿಸಿ 1884ರಲ್ಲಿ ತ್ಸುಕುಬಾ ಎಂಬ ಹಡಗನ್ನು ಅದೇ ದಾರಿಯಲ್ಲಿ ಕಳಿಸಿದ. ಒಬ್ಬನೂ ಬೆರಿಬೆರಿಯಿಂದ ಸಾಯಲಿಲ್ಲ. ಅವನು ಕಾರಣವನ್ನು ತಪ್ಪಾಗಿ ಊಹಿಸಿದ್ದ, ಪ್ರೋಟೀನು ಕಡಿಮೆಯಾಗಿದೆ ಅಂದುಕೊಂಡಿದ್ದ. ಊಟ ಮಾತ್ರ ಸರಿಯಾಗಿತ್ತು. ಭೂಸೇನೆಯ ವೈದ್ಯರು ಒಪ್ಪಲಿಲ್ಲ. ಅವರಲ್ಲಿ ಜಪಾನಿನ ದೊಡ್ಡ ಸಾಹಿತಿ ಮೋರಿ ಓಗಾಯಿಯೂ ಒಬ್ಬ. ಸೈನಿಕನಿಗೆ ಬಿಳಿ ಅನ್ನ ಕೊಡುವುದೇ ಗೌರವ ಎಂಬುದು ಆ ಕಾಲದ ಭಾವನೆ. ಫಲ? 1904-05ರ ರಷ್ಯಾ ಯುದ್ಧದಲ್ಲಿ ಜಪಾನಿನ ಸುಮಾರು 2.5 ಲಕ್ಷ ಸೈನಿಕರಿಗೆ ಬೆರಿಬೆರಿ ಬಂತು, ಸುಮಾರು 27 ಸಾವಿರ ಜನ ಸತ್ತರು. ಓದಿದವರು, ಬುದ್ಧಿವಂತರು, ತಮ್ಮ ಜನರನ್ನು ಪ್ರೀತಿಸುವವರೇ ಆ ತಪ್ಪು ಮಾಡಿದರು. ಅತ್ತೆಯಂದಿರೂ ಸೊಸೆಯನ್ನು ಪ್ರೀತಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ.

ಇನ್ನು ಎರಡನೆಯ ಮಾತು. "ಇದು ಆಸ್ಟ್ರೇಲಿಯಾ, ಇಲ್ಲಿ ಎಲ್ಲವೂ ಸಿಗುತ್ತದೆ, ಇಲ್ಲಿ ಯಾರಿಗೆ ಬರುತ್ತದೆ ಬೆರಿಬೆರಿ?" ಈ ನೆಲಕ್ಕೆ ಆ ರೋಗ ಹೊಸದಲ್ಲ. ಅಡಿಲೇಡ್‌ನಿಂದ ಉತ್ತರಕ್ಕೆ ಸಾವಿರ ಕಿಲೋಮೀಟರಿಗೂ ದೂರದಲ್ಲಿ ಇನ್ನಮಿಂಕ ಎಂಬ ಊರಿದೆ, ಕೂಪರ್ ಕ್ರೀಕ್ ದಂಡೆಯ ಮೇಲೆ. ಬರ್ಕ್ ಮತ್ತು ವಿಲ್ಸ್ ಎಂಬ ಪ್ರಸಿದ್ಧ ಅನ್ವೇಷಕರು 1861ರಲ್ಲಿ ಸತ್ತದ್ದು ಅಲ್ಲಿ. ಅವರು ಕಡೆಗಾಲದಲ್ಲಿ ತಿನ್ನುತ್ತಿದ್ದದ್ದು ನಾರ್ಡೂ ಎಂಬ ಜರಿಗಿಡದ ಬೀಜದಂಥ ಕಾಯಿಯ ಹಿಟ್ಟನ್ನು. ಹೊಟ್ಟೆ ತುಂಬುತ್ತಿತ್ತು, ಕಾಲಿನ ಬಲ ದಿನದಿನಕ್ಕೆ ಹೋಗುತ್ತಿತ್ತು. ನಾರ್ಡೂವಿನಲ್ಲಿ ಥಯಾಮಿನ್ನನ್ನು ಒಡೆಯುವ ಕಿಣ್ವವಿದೆ, ಅವರನ್ನು ಕೊಂದದ್ದು ಬೆರಿಬೆರಿಯೇ ಇರಬೇಕು ಎಂದು ಇಬ್ಬರು ವಿಜ್ಞಾನಿಗಳು 1994ರಲ್ಲಿ ವಾದಿಸಿದರು. ಅದೇ ನಾರ್ಡೂವನ್ನು ಯಾಂಡ್ರುವಾಂಡ ಮೂಲನಿವಾಸಿಗಳು ತಲೆಮಾರುಗಳಿಂದ ತಿಂದು ಬದುಕಿದ್ದರು, ಏಕೆಂದರೆ ಅವರಿಗೆ ಅದನ್ನು ಹದಮಾಡುವ ವಿಧಾನ ಗೊತ್ತಿತ್ತು. ಬಿಳಿಯರು ಕಾಯನ್ನು ಮಾತ್ರ ತೆಗೆದುಕೊಂಡರು, ವಿಧಾನ ಬಿಟ್ಟರು. ಆ ತಂಡದಲ್ಲಿ ಬದುಕಿ ಉಳಿದ ಜಾನ್ ಕಿಂಗ್, ಮೂಲನಿವಾಸಿಗಳು ಸಾಕಿದ್ದರಿಂದ ಉಳಿದ. ಕೊಟ್ಟಣದ ಅಕ್ಕಿಯನ್ನು ಬಿಟ್ಟು ಪಥ್ಯವನ್ನು ಮಾತ್ರ ಇಟ್ಟುಕೊಂಡ ನಮ್ಮ ಕತೆಗೂ ಇದಕ್ಕೂ ಎಷ್ಟು ದೂರ?

ನಾನಿರುವ ಪರ್ತ್‌ನ ಕತೆಯೂ ಇದೆ. ಥಯಾಮಿನ್ ಕೊರತೆ ಮಿದುಳನ್ನು ಹಾಳುಮಾಡುವ ಒಂದು ರೋಗವಿದೆ, ವರ್ನಿಕೆ ಕಾಯಿಲೆ ಅನ್ನುತ್ತಾರೆ. 1970, 80ರ ದಶಕದಲ್ಲಿ ಇಲ್ಲಿನ ರೋಗಶಾಸ್ತ್ರಜ್ಞ ಕ್ಲೈವ್ ಹಾರ್ಪರ್ ಮರಣೋತ್ತರ ಪರೀಕ್ಷೆಗಳಲ್ಲಿ ಮಿದುಳುಗಳನ್ನು ನೋಡುತ್ತ ಹೋದರು. 131 ಜನರ ಮಿದುಳಿನಲ್ಲಿ ಆ ರೋಗ ಕಂಡಿತು. ಅವರು ಬದುಕಿದ್ದಾಗ ಅದನ್ನು ವೈದ್ಯರು ಗುರುತಿಸಿದ್ದು ಐದರಲ್ಲಿ ಒಂದು ಪಾಲು ಮಂದಿಯಲ್ಲಿ ಮಾತ್ರ. ಬ್ರಿಸ್ಬೇನ್‌ನ ವೈದ್ಯರೂ ಅದೇ ದಶಕದಲ್ಲಿ ಇದನ್ನು ತಡೆಯುವ ಬಗ್ಗೆ ಬರೆದರು. ಕೊನೆಗೆ 1991ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಬ್ರೆಡ್ ಮಾಡುವ ಹಿಟ್ಟಿಗೆ ಥಯಾಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಆಮೇಲೆ ಸಿಡ್ನಿಯಲ್ಲಿ ಮರಣೋತ್ತರ ಪರೀಕ್ಷೆ ನಡೆಸಿದಾಗ ಆ ರೋಗ ಸುಮಾರು ಅರ್ಧಕ್ಕೆ ಇಳಿದಿತ್ತು.

ಒಳ್ಳೆಯ ಕೆಲಸ, ಕೈಮುಗಿಯುತ್ತೇನೆ. ಆದರೆ ಗಮನಿಸಿ, ಬೆರೆಸಿದ್ದು ಬ್ರೆಡ್ಡಿನ ಹಿಟ್ಟಿಗೆ. ಅಕ್ಕಿಗಲ್ಲ. ಬ್ರೆಡ್ ತಿನ್ನುವ ಮನೆಗೆ ಸರ್ಕಾರ ಕಾವಲು ಇಟ್ಟಿದೆ. ಇಂಡಿಯನ್ ಅಂಗಡಿಯಿಂದ ಸೋನಾಮಸೂರಿ ಮೂಟೆ ಹೊತ್ತು ತರುವ ನಮ್ಮ ಮನೆಗೆ ಆ ಕಾವಲಿಲ್ಲ. ಬಾಣಂತಿಗೆ "ಬ್ರೆಡ್ಡು ಉಷ್ಣ" ಎಂದು ಅದನ್ನೂ ನಿಲ್ಲಿಸಿದರೆ ಈ ದೇಶ ಕೊಟ್ಟ ಒಂದೇ ಒಂದು ರಕ್ಷಣೆಯನ್ನೂ ನಾವೇ ಬಾಗಿಲ ಹೊರಗೆ ನಿಲ್ಲಿಸಿದಂತೆ. ವೆಜಿಮೈಟ್ ಕಂಡರೆ ಮುಖ ಸಿಂಡರಿಸುತ್ತೇವಲ್ಲ, ಅದರ ಒಂದು ಚಿಕ್ಕ ಚಮಚದಲ್ಲಿ ದಿನಕ್ಕೆ ಬೇಕಾದ ಥಯಾಮಿನ್ನಿನ ದೊಡ್ಡ ಪಾಲು ಇದೆ. ನಾನೂ ಸಿಂಡರಿಸುತ್ತಿದ್ದೆ. ಈಗ ಬೆಣ್ಣೆ ಹಚ್ಚಿ ಅದರ ಮೇಲೆ ತೆಳ್ಳಗೆ ಸವರಿಕೊಳ್ಳುತ್ತೇನೆ. ಹಾಳಾಗಿಲ್ಲ, ಹುಣಸೆಹುಳಿಯ ಗೊಜ್ಜು ತಿನ್ನುವ ನಾಲಿಗೆಗೆ ಇದೇನು ಮಹಾ.

ಮೂರನೆಯ ಮಾತು ಇಲ್ಲಿನ ವೈದ್ಯರಿಗೆ. ಇಲ್ಲಿ ಬಿ1 ಕೊರತೆ ಎಂದರೆ ಮೊದಲು ನೆನಪಾಗುವುದು ಕುಡುಕ. ಕುಡಿಯದ, ಮಾಂಸ ತಿನ್ನದ, ಅಚ್ಚುಕಟ್ಟಾದ ಮನೆಯ ಬಾಣಂತಿ ಎದುರಿಗೆ ಕೂತರೆ ಆ ಪದ ತಲೆಗೆ ಬರಬೇಕಲ್ಲ? ಅದು ಕುಡುಕರ ರೋಗ ಮಾತ್ರ ಅಲ್ಲ ಎಂಬುದಕ್ಕೆ ಆಸ್ಟ್ರೇಲಿಯಾದ ಮನೆಮನೆಯಲ್ಲೂ ಸಾಕ್ಷಿ ಇರಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕ ಸುಮಾರು 22 ಸಾವಿರ ಆಸ್ಟ್ರೇಲಿಯನ್ ಸೈನಿಕರಲ್ಲಿ 8 ಸಾವಿರಕ್ಕೂ ಹೆಚ್ಚು ಜನ ಸೆರೆಯಲ್ಲೇ ಸತ್ತರು. ಪಶ್ಚಿಮ ಆಸ್ಟ್ರೇಲಿಯಾದ ಹುಡುಗರು, ಕ್ವೀನ್ಸ್‌ಲೆಂಡಿನ ಹುಡುಗರು, ದಕ್ಷಿಣ ಆಸ್ಟ್ರೇಲಿಯಾದ ಹುಡುಗರು ಅಲ್ಲಿದ್ದರು. ಅವರಿಗೆ ಸಿಗುತ್ತಿದ್ದದ್ದು ಬಿಳಿ ಅಕ್ಕಿ, ಕಾಡುತ್ತಿದ್ದ ರೋಗಗಳಲ್ಲಿ ಬೆರಿಬೆರಿಯೂ ಒಂದು. ಸಿಂಗಪುರದ ಚಾಂಗಿ ಸೆರೆಯಲ್ಲಿ ಇಬ್ಬರು ಬ್ರಿಟಿಷ್ ವೈದ್ಯರು ಮಿದುಳಿಗೆ ಪೆಟ್ಟು ಬಿದ್ದ 52 ರೋಗಿಗಳ ವಿವರವನ್ನು ಬರೆದಿಟ್ಟು 1947ರಲ್ಲಿ ಪ್ರಕಟಿಸಿದರು. ಸೆರೆಯಲ್ಲಿ ಅವರಿಗೆ ಹೆಂಡ ಎಲ್ಲಿಂದ ಬರಬೇಕು? ತಟ್ಟೆಯೇ ಕಾರಣ. ಆದ್ದರಿಂದ ವೈದ್ಯರೇ, ನರ್ಸಮ್ಮಗಳೇ, ನಮ್ಮ ಬಾಣಂತಿಯರನ್ನು ಕೇಳಿ, ನಿನ್ನೆ ಏನು ತಿಂದೆ ಎಂದು. "ಚೆನ್ನಾಗಿ ತಿನ್ನುತ್ತಿದ್ದೀಯಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಬ್ರಿಸ್ಬೇನ್‌ನ ಆ ನರ್ಸ್ ಕೇಳಿದ ಹಾಗೆ ಕೇಳಿ.

ಊರಿನ ಸರ್ಕಾರಕ್ಕೂ ಒಂದು ಮಾತಿದೆ. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಕೊಡುತ್ತೇವೆ ಎಂದು ಪ್ರಧಾನಿಗಳು 2021ರ ಆಗಸ್ಟ್ 15ರಂದು ಘೋಷಿಸಿದರು. 2024ರ ಹೊತ್ತಿಗೆ ದೇಶದ ಉದ್ದಗಲಕ್ಕೂ ಅದು ತಲುಪಿತು. ಅದರಲ್ಲಿ ಕಡ್ಡಾಯವಾಗಿ ಬೆರೆಸಿದ್ದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಬಿ1 ಇಷ್ಟವಿದ್ದರೆ ಬೆರೆಸಬಹುದಾದ ಪಟ್ಟಿಯಲ್ಲಿ ಉಳಿಯಿತು. ಅಕ್ಕಿಯನ್ನು ಪಾಲಿಶ್ ಮಾಡಿದಾಗ ಕಳೆದುಹೋಗುವ ಮುಖ್ಯ ಜೀವಸತ್ವವೇ ಅದು. ಕಳೆದದ್ದನ್ನು ಬಿಟ್ಟು ಬೇರೆಯದನ್ನು ತುಂಬಿದರೆ ಸಾಕೇ? ಜಯದೇವದ ವೈದ್ಯರು ಕಂಡದ್ದು ವಿಧಾನಸೌಧದಿಂದ ಕೆಲವೇ ಮೈಲಿ ದೂರದಲ್ಲಿ. ಕಾಶ್ಮೀರದ ಮಕ್ಕಳ ವೈದ್ಯರೂ ಇದನ್ನೇ ಬರೆದಿದ್ದಾರೆ, ಅಲ್ಲಿಯೂ ಬಿಳಿ ಅಕ್ಕಿಯೇ ಊಟ. ಕರಾವಳಿಯವರು ಪಡಿತರದಲ್ಲಿ ಕುಚ್ಚಲಕ್ಕಿ ಕೊಡಿ ಎಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಅದು ರುಚಿಯ ಚಪಲ ಅಲ್ಲ, ಅದರಲ್ಲಿ ಬುದ್ಧಿವಂತಿಕೆ ಇದೆ. ಬಾಣಂತಿ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಕಬ್ಬಿಣದ ಮಾತ್ರೆ ಇದೆ. ಜೊತೆಗೆ ಬಿ1 ಇರುವ ಒಂದು ಮಾತ್ರೆ ಇಡಲು ದೊಡ್ಡ ಖರ್ಚೇನೂ ಇಲ್ಲ.

ನಾನು ಬಾಣಂತನವನ್ನೇ ಬಿಡಿ ಅನ್ನುವವಳಲ್ಲ. ಹೆತ್ತ ಹೆಣ್ಣಿಗೆ ಬಿಸಿನೀರು ಹೊಯ್ಯುವ ಕೈ, ರಾತ್ರಿ ಮಗು ಎತ್ತಿಕೊಳ್ಳುವ ತೋಳು, "ನೀನು ಮಲಗು" ಅನ್ನುವ ಮಾತು ಈ ದೇಶದಲ್ಲಿ ಎಷ್ಟು ದುಬಾರಿ ಎಂದು ನನಗೆ ಗೊತ್ತು. ಎರಡನೆಯ ವಾರಕ್ಕೆ ಒಂಟಿಯಾಗಿ ಮಗುವಿನ ಗಾಡಿ ತಳ್ಳಿಕೊಂಡು ಅಂಗಡಿಗೆ ಹೋಗುವ ಇಲ್ಲಿನ ಹೆಂಗಸರು ನಮ್ಮನ್ನು ನೋಡಿ ಆಸೆಪಡುತ್ತಾರೆ. ಮೆಣಸು, ಬೆಳ್ಳುಳ್ಳಿ, ತುಪ್ಪ, ಸಬ್ಬಸಿಗೆ ಸೊಪ್ಪು, ಮೆಂತ್ಯ, ಅಂಟಿನುಂಡೆ ಎಲ್ಲವೂ ಇರಲಿ. ನನ್ನ ಜಗಳ "ಬೇಡ" ಎಂಬ ಪಟ್ಟಿಯ ಮೇಲೆ. ಹಾಲಿನಲ್ಲಿ ಥಯಾಮಿನ್ ಎಷ್ಟಿರುತ್ತದೆ ಎಂಬುದು ತಾಯಿಯ ಮೈಯಲ್ಲಿ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಹಾಲು ಧಾರಾಳವಾಗಿದ್ದರೂ ಅದರಲ್ಲಿ ಬಿ1 ಇಲ್ಲದಿರಬಹುದು, ಮಗು ಗುಂಡಗಿದ್ದರೂ ಅದರ ಹೃದಯ ಸೋಲುತ್ತಿರಬಹುದು. ತಾಯಿಯ ತಟ್ಟೆಯಿಂದ ನಾವು ತೆಗೆದ ಪ್ರತಿಯೊಂದು ಪದಾರ್ಥವನ್ನೂ ಮಗುವಿನ ಬಾಯಿಯಿಂದ ತೆಗೆದಂತೆ.

ಹಾಗಾದರೆ ಮಾಡಬೇಕಾದ್ದೇನು? ಬಾಣಂತಿಗೆ ತೊಗರಿಬೇಳೆ, ಹೆಸರುಬೇಳೆ ಕೊಡಿ. ಇಂಗು, ಶುಂಠಿ ಹಾಕಿ ಬೇಯಿಸಿ, ವಾಯುವಿಗೆ ಅದೇ ಮದ್ದು. ರಾಗಿ ಅಂಬಲಿ, ಕುಚ್ಚಲಕ್ಕಿ ಗಂಜಿ, ಎಳ್ಳಿನ ಉಂಡೆ, ನೆಲಗಡಲೆ ಕೊಡಿ. ಅಕ್ಕಿಯನ್ನು ಒಂದು ಸಲ ತೊಳೆಯಿರಿ, ಗಂಜಿ ಚೆಲ್ಲಬೇಡಿ. ಅಡಿಕೆ ಬಿಡಿಸಿ. ಗರ್ಭಿಣಿಯಾಗಿದ್ದಾಗಿನ ವಿಟಮಿನ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮಗುವಿನ ಸ್ವರ ಒಡೆದರೆ, ಹಾಲು ಕುಡಿಯಲು ಒಲ್ಲದಿದ್ದರೆ, ಉಸಿರು ಜೋರಾದರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಇಲ್ಲಿಯಾದರೆ 000ಕ್ಕೆ, ಊರಿನಲ್ಲಾದರೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ತಾಯಿ ಏನು ತಿನ್ನುತ್ತಿದ್ದಳು ಎಂದು ಕೇಳದಿದ್ದರೂ ನೀವೇ ಹೇಳಿ. ಥಯಾಮಿನ್ ಎಂಬ ಪದವನ್ನು ನಾಚದೆ ಬಾಯಿಬಿಟ್ಟು ಹೇಳಿ. ನಮ್ಮ ಕನ್ನಡ ಸಂಘಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುತ್ತವೆ. ವರ್ಷಕ್ಕೊಂದು ಸಲ, ಊರಿನಿಂದ ಬಾಣಂತನಕ್ಕೆ ಬಂದ ತಾಯಂದಿರನ್ನು ಕೂರಿಸಿಕೊಂಡು ಅರ್ಧ ಗಂಟೆ ಇದನ್ನು ಮಾತಾಡಲಿ. ಕೋಲಾಟ ಅರ್ಧ ಗಂಟೆ ತಡವಾದರೆ ಯಾರೂ ಬೇಸರಪಡುವುದಿಲ್ಲ.

ಬರುವ ತಿಂಗಳು ಅಡಿಲೇಡ್‌ನಲ್ಲಿ ನನ್ನ ತಂಗಿಯ ಮಗಳಿಗೆ ಹೆರಿಗೆ. ತಂಗಿ ಈಗಾಗಲೇ ಬಂದಿದ್ದಾಳೆ. ಮೊನ್ನೆ ಫೋನಿನಲ್ಲಿ ಪಟ್ಟಿ ಓದಿದಳು. ಅದೇ ಪಟ್ಟಿ, ಅಮ್ಮನ ಬಾಯಿಂದ ಕೇಳಿದ್ದ ಅದೇ ಕ್ರಮದಲ್ಲಿ. ಬೇಳೆ ವಾಯು, ಸೊಪ್ಪು ಶೀತ. ನಾನು ನಡುವೆ ತಡೆದು ತಮ್ಮನ ಹೆಸರು ಹೇಳಿದೆ. ಅರವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ತಂಗಿ ಆಗಿನ್ನೂ ಹುಟ್ಟಿರಲಿಲ್ಲ, ಕೇಳಿ ಮಾತ್ರ ಗೊತ್ತು. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಹಂಗಾದ್ರೆ ಅಕ್ಕ, ಕುಚ್ಚಲಕ್ಕಿ ಇಲ್ಲಿ ಎಲ್ಲಿ ಸಿಗುತ್ತೆ?"

ಸಿಗುತ್ತದೆ. ಇಂಡಿಯನ್ ಅಂಗಡಿಗಳ ಕೆಳಗಿನ ಸಾಲಿನಲ್ಲಿ, ಸೋನಾಮಸೂರಿ ಮೂಟೆಗಳ ಹಿಂದೆ ಇಟ್ಟಿರುತ್ತಾರೆ. ಸ್ವಲ್ಪ ಬಗ್ಗಿ ನೋಡಬೇಕು, ಅಷ್ಟೆ.